ಐದನೇ ಚೌಕದಲ್ಲಿ ಸತ್ತವನ ಪಾಲು

ದಿಯೊಲಿಂಡ ಇನ್ನೂ ಬಾಯಿ ತೆರೆದಿರಲಿಲ್ಲ. ಕೋಟಿನ ಗುಂಡಿಯನ್ನೂ ಬಿಚ್ಚಿರಲಿಲ್ಲ. ಅಷ್ಟರಲ್ಲಿ ಒಡೆಟ್ ಮೇಜಿನ ಆಚೆಯಿಂದ ಎರಡು ಕಾಗದಗಳನ್ನು ಅವಳ ಮುಂದೆ ಸರಿಸಿದಳು.

"ತಗೋ ಕೊಮಾದ್ರೆ, ತಿದ್ದಿ ಇಟ್ಟಿದೀನಿ. ಹಳೇದನ್ನ ಇತ್ಲಾಗೆ ಕೊಡು."

ಒಡೆಟ್‌ಳ ಮಗಳಿಗೆ ಜ್ಞಾನಸ್ನಾನದ ದಿನ ತಾಯಿಯಾಗಿ ನಿಂತವಳು ದಿಯೊಲಿಂಡ. ಆವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಇಪ್ಪತ್ತಾರು ವರ್ಷದ ಆ ಸಲಿಗೆಯ ಮಾತು ಈ ಬೆಳಿಗ್ಗೆ ಯಾಕೋ ಕಿವಿಗೆ ಒರಟಾಗಿ ತಗುಲಿತು.

"ನಾನಿನ್ನೂ ಏನೂ ಕೇಳೇ ಇಲ್ವಲ್ಲೇ," ಎಂದಳು ದಿಯೊಲಿಂಡ.

ಒಡೆಟ್ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

ಕಥೆ ಇಷ್ಟು. ಹೋದ ಸೆಪ್ಟೆಂಬರಿನಲ್ಲಿ 'ಸಾಂತಾ ಇನೆಸ್' ದೋಣಿಯಲ್ಲಿ ಮೂವರು ಮೀನಿಗೆ ಹೋಗಿ ಇಬ್ಬರು ವಾಪಸ್ಸು ಬಂದರು. ಬಾರದವನು ದಿಯೊಲಿಂಡಳ ತಮ್ಮ ಎರ್ಮಿನಿಯೊ. ಬಂದವರಲ್ಲಿ ಒಬ್ಬ ದೋಣಿಯ ಒಡೆಯ ವಾಲ್ಡೆಮಾರ್, ಈ ಒಡೆಟ್‌ಳ ಅಣ್ಣ. ಇನ್ನೊಬ್ಬ ಅಡೆಲಿನೊ, ದಿಯೊಲಿಂಡಳ ಕೈಹಿಡಿದ ಗಂಡ. ಬಲೆ ಎಳೆಯುವಾಗ ಕಾಲು ಜಾರಿ ಎರ್ಮಿನಿಯೊ ನೀರಿಗೆ ಬಿದ್ದ, ಕಣ್ಣೆದುರೇ ಮುಳುಗಿದ ಎಂದು ಇಬ್ಬರೂ ಬೈಬಲ್ ಮುಟ್ಟಿ ಹೇಳಿದ್ದರು. ಹೆಣ ಸಿಗಲಿಲ್ಲ. ಬರುವ ಸೋಮವಾರ ನ್ಯಾಯಾಲಯ ಅವನನ್ನು ಸತ್ತವನೆಂದು ಬರೆದುಕೊಳ್ಳಲಿತ್ತು, ಆಮೇಲೆ ದೋಣಿಯ ವಿಮೆ ಅವನ ಹೆಂಡತಿ ನತೇರ್ಸಿಯಳ ಕೈಸೇರಲಿತ್ತು. ಐದು ತಿಂಗಳಿಂದ ದಿಯೊಲಿಂಡ ಕಪ್ಪು ಬಟ್ಟೆ ಬಿಟ್ಟು ಬೇರೆ ಉಟ್ಟಿರಲಿಲ್ಲ.

ಅವಳು ಕೈಚೀಲದಿಂದ ಹಳೆಯ ಫಾರ್ಮನ್ನು ತೆಗೆದಳು. ಕೊಡಲಿಲ್ಲ. ಹೊಸದರ ಪಕ್ಕದಲ್ಲಿ ಹಿಡಿದು ನೋಡಿದಳು.

ನ್ಯೂ ಬೆಡ್‌ಫರ್ಡಿನ ಅರ್ಧ ಮೀನುಗಾರರ ತೆರಿಗೆ ಲೆಕ್ಕ ಬರೆಯುವವಳು ಅವಳು. ಯಾರಿಗೆ ಎಷ್ಟು ಹಣ ಕೊಟ್ಟರೆಂದು ಸರ್ಕಾರಕ್ಕೆ ತೋರಿಸುವ ಈ 1099 ಫಾರ್ಮುಗಳನ್ನು ಕಣ್ಣು ಮುಚ್ಚಿ ಓದಬಲ್ಲಳು. ಸಂಬಳವಿಲ್ಲದೆ ಪಾಲಿಗೆ ದುಡಿಯುವ ಮೀನುಗಾರನ ಹಣ ಐದನೇ ಚೌಕಕ್ಕೆ, ಅವನ ಹೆಸರಿನಲ್ಲಿ. ಅವನು ಸತ್ತ ಮೇಲೆ ಕೊಟ್ಟ ಹಣವಾದರೆ ಮೂರನೇ ಚೌಕಕ್ಕೆ, ಹೆಂಡತಿಯ ಹೆಸರಿನಲ್ಲಿ. ಯಾರ ಕೈಗೆ ಕೊಟ್ಟೆಯೋ ಅವರ ಹೆಸರು ಬರೆ, ಅಷ್ಟೇ ನಿಯಮ.

ಹಳೆಯ ಫಾರ್ಮಿನ ಐದನೇ ಚೌಕದಲ್ಲಿ ಎರ್ಮಿನಿಯೊನ ಹೆಸರಿಗೆ 81,052 ಡಾಲರ್ ಇತ್ತು. ಹೊಸದರಲ್ಲಿ 71,640. ಕಳಚಿಕೊಂಡ 9,412 ಡಾಲರ್ ನತೇರ್ಸಿಯಳ ಫಾರ್ಮಿನ ಮೂರನೇ ಚೌಕಕ್ಕೆ ಹೋಗಿ ಕೂತಿತ್ತು. ಎರಡು ಫಾರ್ಮಿನ ತಲೆಯ ಮೇಲೂ 'ತಿದ್ದಿದ್ದು' ಎಂಬ ಚೌಕದಲ್ಲಿ ಅಡ್ಡ ಗುರುತು.

"ಪ್ರತಿ ಸಲ ದೋಣಿ ಬಂದಾಗ್ಲೂ ಪಾಲಿನ ಚೀಟಿ ತಂದು ನನಗೆ ಕೊಡ್ತಿದ್ದ," ಎಂದಳು ದಿಯೊಲಿಂಡ. "ಎಂಟು ಚೀಟಿ ಇದೆ ನನ್ ಹತ್ರ. ಕೂಡಿದ್ರೆ ಎಪ್ಪತ್ತೊಂದು ಸಾವಿರದ ಆರುನೂರ ನಲವತ್ತು. ಹೆಚ್ಚಿಗೆ ಬಂದಿದ್ದು ಒಂಬತ್ತನೇ ಸಲದ್ದು. ಅವನು ತೀರಿಹೋದ ಸಲದ್ದು."

"ಅದಕ್ಕೇ ತಿದ್ದಿದೀನಿ ಅಂದ್ನಲ್ಲ. ಜನವರಿ ಕೊನೇಲಿ ಹನ್ನೆರಡು ದೋಣಿ, ಅರವತ್ತು ಜನ. ಮೂವತ್ತೊಂದನೇ ತಾರೀಕಿನೊಳಗೆ ಎಲ್ಲರ ಕೈಗೂ ಫಾರ್ಮ್ ಸೇರ್ಬೇಕು. ಒಂದು ಕಡೆ ಕೈ ತಪ್ತು. ಮನುಷ್ಯರಲ್ವಾ ನಾವು?"

"ನೀನಾ? ಕೈ ತಪ್ಪೋದಾ?"

ದಿಯೊಲಿಂಡಳಿಗೆ ನಗು ಬಂತು, ಕಹಿಯಾದ ನಗು. ಧಕ್ಕೆಯ ಈ ಕಚೇರಿಯಲ್ಲಿ ಕೂತು ದೋಣಿಗಳ ಹಣ ಹಂಚುವ ಒಡೆಟ್‌ಳ ಬಗ್ಗೆ ಊರಿನಲ್ಲಿ ಒಂದು ಮಾತಿತ್ತು: ಪಾದ್ರಿಯ ಪಾಪವನ್ನಾದರೂ ಮರೆತಾಳು, ಪಾಲಿನ ಪೈಸೆಯನ್ನು ಮರೆಯಳು. ಹನ್ನೊಂದು ವರ್ಷದ ಹಿಂದೆ ಮುದುಕ ಲೌರೇನಿಯೊ ದೋಣಿಯಲ್ಲೇ ಎದೆನೋವಿನಿಂದ ಸತ್ತಾಗ ಅವನ ಕೊನೆಯ ಪಾಲನ್ನು ಚಾಚೂತಪ್ಪದೆ ಹೆಂಡತಿಯ ಹೆಸರಿಗೆ ಬರೆದವಳು ಇವಳೇ. ಹೇಗೆ ಬರೆಯಬೇಕು ಎಂದು ದಿಯೊಲಿಂಡಳಿಗೆ ಕಲಿಸಿಕೊಟ್ಟವಳೂ ಇವಳೇ.

"ಹಳೇ ಕಾಗದ ಕೊಡು," ಒಡೆಟ್ ಕೈ ಚಾಚಿದಳು. "ಸರ್ಕಾರಕ್ಕೆ ಹೋಗೋ ಪ್ರತಿ ಇನ್ನೂ ನನ್ ಹತ್ರಾನೇ ಇದೆ. ಈ ತಿಂಗಳ ಇಪ್ಪತ್ತೆಂಟಕ್ಕೆ ಕಳಿಸ್ತೀನಿ, ಸರಿಯಾದ್ದನ್ನೇ ಕಳಿಸ್ತೀನಿ. ಊರಲ್ಲಿ ಹಳೇದು ಓಡಾಡ್ತಿದ್ರೆ ಸುಮ್ನೆ ಗೊಂದಲ."

"ಅಂದ್ರೆ ಇದೊಂದೇ ಉಳಿದಿರೋದು."

"ಏನು ಒಂದೇ?"

"ನೀನು ಮೊದ್ಲು ಬರೆದಿದ್ದಕ್ಕೆ ಸಾಕ್ಷಿ."

ಒಡೆಟ್‌ಳ ಕೈ ಚಾಚಿದ ಹಾಗೇ ನಿಂತಿತು. ಕಿಟಕಿಯಾಚೆ ಮಂಜುಗಡ್ಡೆಯ ಲಾರಿಯೊಂದು ಹಿಂದಕ್ಕೆ ಬರುತ್ತ ಕೀರಲು ಸದ್ದು ಮಾಡುತ್ತಿತ್ತು.

"ಒಂದು ಹೇಳು ಒಡೆಟ್." ದಿಯೊಲಿಂಡ ಕೊಮಾದ್ರೆ ಎನ್ನಲಿಲ್ಲ. "ನಿನ್ನೆ ಸಂಜೆ ಈ ತಪ್ಪು ನನ್ನ ಕಣ್ಣಿಗೆ ಬಿತ್ತು. ಇವತ್ತು ಒಂಬತ್ತು ಗಂಟೆಗೆ ನಿನ್ ಬಾಗಿಲಿಗೆ ಬಂದಿದೀನಿ. ಅಷ್ಟರೊಳಗೆ ನೀನು ತಿದ್ದಿ, ಅಚ್ಚು ಹಾಕಿಸಿ, ಮಡಿಸಿ ಇಟ್ಟಿದೀಯ. ಕುಂಬಳಕಾಯಿ ಕಳ್ಳ ಅನ್ನೋಕೆ ಮುಂಚೇನೇ ಹೆಗಲು ಮುಟ್ಟಿ ನೋಡ್ಕೊಂಡ್ಯಲ್ಲೇ."

"ನಾನು ಕಳ್ಳಿ ಅಲ್ಲ."

"ಅಲ್ಲ ಅಂತ ನನಗೂ ಗೊತ್ತು. ಅದಕ್ಕೇ ಕೇಳ್ತಿರೋದು. ಆ ಒಂಬತ್ತು ಸಾವಿರದ ನಾನೂರ ಹನ್ನೆರಡನ್ನ ಯಾರ ಕೈಗೆ ಕೊಟ್ಟೆ?"

"ನತೇರ್ಸಿಯಂಗೆ."

"ಚೆಕ್ ನಂಬರ್ ಹೇಳು."

ಒಡೆಟ್ ಹೊಸ ಫಾರ್ಮುಗಳ ಅಂಚನ್ನು ಸರಿಮಾಡಿದಳು.

"ಚೆಕ್ ಇಲ್ಲ ಅಲ್ವಾ? ನಗದು ಕೊಟ್ಟಿದೀಯ. ಯಾರಿಗೆ ಕೊಟ್ಟೆ? ನನ್ನ ತಮ್ಮನ ಹೆಸರಲ್ಲಿ ಇಪ್ಪತ್ತು ಪೂಜೆ ಹೇಳಿಸಿದೀನಿ ನಾನು. ಅಲೆತಡೆ ಗೋಡೆ ಮೇಲೆ ನಿಂತು ನೀರಿಗೆ ಹೂ ಎಸೆದಿದೀನಿ. ನೀನೂ ಪಕ್ಕದಲ್ಲೇ ನಿಂತಿದ್ಯಲ್ಲೇ! ನನ್ನ ತೋಳು ಹಿಡ್ಕೊಂಡಿದ್ಯಲ್ಲೇ!"

ಕೊನೆಯ ಮಾತಿಗೆ ದಿಯೊಲಿಂಡ ಕೂಗಿಯೇಬಿಟ್ಟಿದ್ದಳು. ಅವಳು ಜಗಳಗಂಟಿಯಲ್ಲ. ಏರು ದನಿ ಅವಳಿಗೆ ಅಭ್ಯಾಸವೂ ಇರಲಿಲ್ಲ. ಅದಕ್ಕೇ ಇರಬೇಕು, ಒಡೆಟ್ ಎದ್ದು ಹೋಗಿ ಕಚೇರಿಯ ಬಾಗಿಲು ಮುಚ್ಚಿ ಬಂದಳು. ಕೂತವಳು ಮೇಜನ್ನೇ ನೋಡುತ್ತ ಮಾತಾಡಿದಳು.

"ಎರಡು ಸಲ ಎಣಿಸಿಕೊಂಡ."

"ಯಾರು?"

"ಇನ್ಯಾರು? ಹಿಂದಿನ ಬಾಗಿಲಿಂದ ಬಂದ. ಆವತ್ತು ಬೆಳಿಗ್ಗೆ ಕೈ ಕಾಣದಷ್ಟು ಮಂಜು. ಆಚೆ ದಡದ ಹಳೇ ಧಕ್ಕೆಗೆ ಅವನನ್ನ ಇಳಿಸಿ ನನ್ನ ಅಣ್ಣ, ನಿನ್ನ ಗಂಡ ಇಬ್ರೂ ದೋಣಿ ತಿರುಗಿಸ್ಕೊಂಡು ಮತ್ತೆ ಸಮುದ್ರಕ್ಕೆ ಹೋದ್ರು. ಮಧ್ಯಾಹ್ನ ರೇಡಿಯೊದಲ್ಲಿ ಸುದ್ದಿ ಹೇಳಿದ್ರು. ಅಷ್ಟೊತ್ತಿಗಾಗ್ಲೇ ನಿನ್ನ ತಮ್ಮ ನೀನು ನಿಂತಿರೋ ಜಾಗದಲ್ಲಿ ನಿಂತು ನೋಟು ಎಣಿಸಿ ಹೋಗಿದ್ದ. ಪಾಲು ಕೈಗೆ ಬರದೆ ಊರು ಬಿಡಲ್ಲ ಅಂದನಂತೆ. ವಾಲ್ಡೆಮಾರ್ ಫೋನಲ್ಲಿ ಮೀನಿನ ತೂಕ ಹೇಳಿದ, ನಾನು ಹರಾಜಿನ ಬೆಲೆ ಕಟ್ಟಿ ಲಕೋಟೆಗೆ ಹಾಕಿದೆ."

ದಿಯೊಲಿಂಡ ಕುರ್ಚಿಯ ಬೆನ್ನು ಹಿಡಿದುಕೊಂಡಳು. ತಮ್ಮ ಬದುಕಿದ್ದಾನೆ. ಮೊದಲು ಎದೆಗೆ ಹೊಕ್ಕ ಮಾತು ಅದೊಂದೇ, ಮತ್ತು ಹೊಕ್ಕ ಕೂಡಲೇ ಮೈಯೆಲ್ಲ ಬೆಚ್ಚಗಾಯಿತು. ಅದರ ಬೆನ್ನಿಗೇ ಎರಡನೆಯದು ಬಂತು. ಅಡೆಲಿನೊ ಸುಳ್ಳು ಹೇಳಿದ್ದಾನೆ. ಐದು ತಿಂಗಳಿಂದ ಪಕ್ಕದಲ್ಲಿ ಮಲಗಿ, ಅವಳು ಅತ್ತಾಗ ತಲೆ ಸವರಿ, ಹೋದವನು ಬರುತ್ತಾನೆಯೇ ಎಂದು ವೇದಾಂತ ಹೇಳುತ್ತ ಬಂದಿದ್ದಾನೆ.

"ಬಾಯಿ ಸುಳ್ಳು ಹೇಳ್ತು," ಎಂದಳು ಒಡೆಟ್. "ಕೋಸ್ಟ್ ಗಾರ್ಡ್‌ನವರ ಎದುರು ಹೇಳ್ತು, ನಿನ್ನ ಎದುರು ಹೇಳ್ತು. ಆದ್ರೆ ಜನವರೀಲಿ ಫಾರ್ಮ್ ಮುಂದೆ ಕೂತಾಗ ಕೈ ಕೇಳ್ಲಿಲ್ಲ. ಯಾರಿಗೆ ಕೊಟ್ಟೆನೋ ಅವರ ಹೆಸರು ಬರೀತು. ಬರೆದಿದ್ದು ನನಗೇ ಗೊತ್ತಾಗ್ಲಿಲ್ಲ ಕಣೇ, ದೇವರಾಣೆ. ಇವತ್ತು ಎಂಟು ಗಂಟೆಗೆ ಫೋನ್ ಬಂದ್ಮೇಲೇ ಗೊತ್ತಾಗಿದ್ದು."

"ಯಾರ ಫೋನ್? ನಿನ್ನ ಅಣ್ಣಂದಾ?"

"ನತೇರ್ಸಿಯದು."

ದಿಯೊಲಿಂಡ ಹೊಸ ಫಾರ್ಮುಗಳನ್ನು ತೆಗೆದುಕೊಂಡಳು. ಹಳೆಯದನ್ನೂ ಕೈಚೀಲಕ್ಕೆ ಹಾಕಿಕೊಂಡಳು. ಒಡೆಟ್ ತಡೆಯಲಿಲ್ಲ. ಬಾಗಿಲ ಹತ್ತಿರ ಹೋದಾಗ ಮಾತ್ರ ಹಿಂದಿನಿಂದ ಸಣ್ಣ ದನಿಯಲ್ಲಿ ಕೇಳಿದಳು, "ನನ್ ಮಗಳ ಮದುವೆಗೆ ಬರ್ತೀಯ ತಾನೇ?"

ದಿಯೊಲಿಂಡ ಬಾಗಿಲು ಎಳೆದುಕೊಂಡು ಹೊರಬಿದ್ದಳು.

ಧಕ್ಕೆಯಿಂದ ಅವಳು ಲೆಕ್ಕ ಬರೆಯುವ ಕೊಠಡಿಗೆ ಇಪ್ಪತ್ತು ನಿಮಿಷದ ಏರು ದಾರಿ. ರಸ್ತೆಯ ಅಂಚಿನಲ್ಲಿ ಹಿಮ ಕೊಳೆಯಾಗಿ ಗಟ್ಟಿಕಟ್ಟಿತ್ತು. ಎದುರು ಸಿಕ್ಕ ಇಬ್ಬರು ಹೆಂಗಸರು ಅವಳ ಕಪ್ಪು ಬಟ್ಟೆ ನೋಡಿ ಮರುಕದಿಂದ ತಲೆಬಾಗಿಸಿದರು. ಅವಳಿಗೆ ಆ ಬಟ್ಟೆಯನ್ನು ಅಲ್ಲೇ ಕಿತ್ತೆಸೆಯಬೇಕು ಅನಿಸಿತು.

ನಡೆಯುತ್ತ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಆ 9,412ರ ವಿಷಯ ನತೇರ್ಸಿಯಳಿಗೆ ತಿಳಿದದ್ದು ಹೇಗೆ? ಫಾರ್ಮುಗಳನ್ನು ಮೊನ್ನೆ ತಂದುಕೊಟ್ಟವಳು ಅವಳೇ ಹೌದು, ಆದರೆ ಅವಳಿಗೆ ಐದನೇ ಚೌಕವೂ ಒಂದೇ, ಮೂರನೇ ಚೌಕವೂ ಒಂದೇ. ದಿಯೊಲಿಂಡ ಅದನ್ನು ಹೇಳಿದ್ದು ಒಬ್ಬನಿಗೆ ಮಾತ್ರ. ನಿನ್ನೆ ಎಲೆಕೋಸಿನ ಸಾರಿಗೆ ರೊಟ್ಟಿ ಮುರಿದು ಹಾಕಿಕೊಳ್ಳುತ್ತಿದ್ದ ಗಂಡನಿಗೆ, ಊಟದ ನಡುವೆ. ಅವನು ತಲೆಯೆತ್ತಿಯೂ ನೋಡಿರಲಿಲ್ಲ. "ಒಡೆಟ್ ಮುದುಕಿ ಆದ್ಲು ಬಿಡು," ಎಂದಿದ್ದ.

ಕೊಠಡಿ ಇದ್ದದ್ದು ಬೇಕರಿಯ ಮೇಲಿನ ಮಾಳಿಗೆಯಲ್ಲಿ. ನತೇರ್ಸಿಯ ಆಗಲೇ ಬಂದು ಒಳಗೆ ಕೂತಿದ್ದಳು. ಕೆಳಗಿನಿಂದ ತಂದ ಸಿಹಿ ರೊಟ್ಟಿಯ ಪೊಟ್ಟಣ ಮೇಜಿನ ಮೇಲೆ ಬಿಚ್ಚದೆ ಬಿದ್ದಿತ್ತು. ಮೂವತ್ತೆಂಟರ ಹೆಂಗಸು, ಈ ಐದು ತಿಂಗಳಲ್ಲಿ ಐವತ್ತರವಳಂತಾಗಿದ್ದಳು.

"ಹೊಸದು ಸಿಕ್ತಾ ಅಕ್ಕಾ?" ಎಂದಳು. "ಸಹಿ ಎಲ್ಲಿ ಹಾಕ್ಬೇಕು ಹೇಳಿ. ಹಳೇದನ್ನ ನನಗೆ ಕೊಟ್ಬಿಡಿ."

"ನಿನಗೂ ಹಳೇದೇ ಬೇಕಾ? ಏನು, ಅದರಲ್ಲಿ ಚಿನ್ನ ಇದೆಯಾ?"

ನತೇರ್ಸಿಯ ಕಣ್ಣು ತಪ್ಪಿಸಿದಳು.

"ಒಡೆಟ್ ಎಲ್ಲಾ ಹೇಳಿದ್ಲು." ದಿಯೊಲಿಂಡ ಕೂರಲಿಲ್ಲ. "ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತೆಯಲ್ಲೇ. ಗಂಡ ಬದುಕಿದಾನೆ ಅಂತ ಗೊತ್ತಿದ್ದೂ ಅತ್ತೆಯಲ್ಲ. ನಾಟಕದವಳಾಗ್ಬೇಕಿತ್ತು ನೀನು. ನನಗೆ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನಿಮಗೆ ಹೇಳ್ಬಾರ್ದು ಅಂತ್ಲೇ ತೀರ್ಮಾನ ಆಗಿತ್ತು ಅಕ್ಕಾ. ನಿಮ್ಮ ಮುಖಕ್ಕೆ ಸುಳ್ಳು ಬರಲ್ಲ. ಒಬ್ಬರಾದ್ರೂ ನಿಜವಾಗಿ ಅಳ್ಬೇಕಿತ್ತು. ನೀವು ಅಳೋದನ್ನ ನೋಡಿಯೇ ಕೋಸ್ಟ್ ಗಾರ್ಡ್ ಅಧಿಕಾರಿ ಕಡತ ಮುಚ್ಚಿದ್ದು."

ಕಪಾಳಕ್ಕೆ ಹೊಡೆದರೂ ಅಷ್ಟು ಉರಿಯುತ್ತಿರಲಿಲ್ಲ. ತನ್ನ ಕಣ್ಣೀರನ್ನೂ ಇವರು ಪಾಲು ಹಾಕಿಕೊಂಡಿದ್ದಾರೆ.

"ಎಷ್ಟಕ್ಕೆ?" ಎಂದಳು.

"ಮೂರು ಲಕ್ಷ ಡಾಲರ್ ವಿಮೆ. ಅರ್ಧ ನಮಗೆ. ಮಿಕ್ಕಿದ್ದು ವಾಲ್ಡೆಮಾರ್‌ಗೂ ಅಡೆಲಿನೊ ಭಾವನಿಗೂ. ದೋಣಿ ನಷ್ಟದಲ್ಲಿತ್ತು, ನಮ್ಮ ಮನೆ ಬ್ಯಾಂಕಿನ ಪಾಲಾಗ್ತಿತ್ತು. ನಮ್ಮ ಯಜಮಾನ್ರೇ ಒಪ್ಪಿದ್ರು. ಕೆನಡಾದಲ್ಲಿ ಎರಡು ವರ್ಷ ಇರೋದು, ಆಮೇಲೆ ಮಕ್ಕಳನ್ನ ಕರ್ಕೊಂಡು ನಾನೂ ಹೋಗೋದು ಅಂತ."

"ಸರಿ, ಹಾಳಾಗಿಹೋಗಿ. ಈಗ ಎಲ್ಲಿದಾನೆ ಅವನು? ವಿಳಾಸ ಕೊಡು, ನಾನೇ ಹೋಗಿ ಕಿವಿ ಹಿಂಡಿ ಕರ್ಕೊಂಡು ಬರ್ತೀನಿ. ವಿಮೆಯೂ ಬೇಡ, ನ್ಯಾಯಾಲಯವೂ ಬೇಡ. ಮನೆ ಹೋದ್ರೆ ನನ್ನ ಮನೇಲಿರಿ."

ನತೇರ್ಸಿಯ ನಕ್ಕಳು. ನಗು ಅಳುವಿನ ಅಂಚಿಗೆ ಹೋಗಿ ನಿಂತಿತು.

"ಕ್ರಿಸ್ಮಸ್ಸಿಗೆ ಫೋನ್ ಮಾಡ್ತೀನಿ ಅಂದಿದ್ರು. ಮಾಡ್ಲಿಲ್ಲ. ಹೊಸ ವರ್ಷಕ್ಕೂ ಇಲ್ಲ. ದೊಡ್ಡ ಮಗಳ ಹುಟ್ಟುಹಬ್ಬಕ್ಕೂ ಇಲ್ಲ. ಭಾವನ್ನ ಕೇಳಿದ್ರೆ, 'ಹುಷಾರಾಗಿದಾನೆ, ವಿಮೆ ಬರೋವರೆಗೂ ಸುಮ್ನಿರು' ಅಂತಾರೆ."

"ಅವನನ್ನ ಅಲ್ಲಿಗೆ ಬಿಟ್ಟವರು ಯಾರು?"

"ಆವತ್ತು ಒಡೆಟ್ ಕಚೇರಿಯಿಂದ ವಾಲ್ಡೆಮಾರ್‌ನ ಬೇಸಿಗೆ ಗುಡಿಸಲಿಗೆ ನಾನೇ ಕರ್ಕೊಂಡು ಹೋದೆ. ನಾಲ್ಕು ದಿನ ಅಲ್ಲೇ ಇದ್ರು. ವಿಚಾರಣೆ ಮುಗಿದ ಮಾರನೇ ದಿನ ಬೆಳಿಗ್ಗೆ ಭಾವ ಟ್ರಕ್ ತಂದ್ರು. ಗಡಿವರೆಗೂ ಬಿಟ್ಟು ಬರ್ತೀನಿ ಅಂದ್ರು. ಇಬ್ಬರೂ ಹೋದ್ರು, ಭಾವ ಒಬ್ರೇ ವಾಪಸ್ ಬಂದ್ರು."

"ಗಡಿಗೆ ಬಿಡೋಕೆ ಹೋದವನು ಒಬ್ಬನೇ ಬರ್ದೆ ಇನ್ನೇನು?"

"ಬಂದವರು ನನಗೆ ಒಂದು ಲಕೋಟೆ ಕೊಟ್ರು. 'ನಿನ್ನ ಗಂಡ ಕೊಟ್ಟಿದಾನೆ, ಮಕ್ಕಳಿಗೆ' ಅಂದ್ರು. ಒಡೆಟ್ ಕೈಬರಹ ಇದ್ದ ಲಕೋಟೆ. ಆವತ್ತು ನಾನು ಪ್ರೀತಿ ಅಂದ್ಕೊಂಡೆ ಅಕ್ಕಾ, ಎಷ್ಟು ಪ್ರೀತಿ ನನ್ನ ಗಂಡನಿಗೆ ಅಂತ ಅತ್ತೆ. ನೀವು ನನ್ನ ಹೆಗಲ ಮೇಲೆ ಕೈಯಿಟ್ಟಿದ್ರಿ. ಅದು ನಾಟಕ ಅಲ್ಲ." ಅವಳು ಮೂಗು ಒರೆಸಿಕೊಂಡಳು. "ಎಷ್ಟಿತ್ತು ಅಂತ ಆಗ ಸರಿಯಾಗಿ ಗಮನಿಸ್ಲಿಲ್ಲ. ಡಬ್ಬಿಯಲ್ಲಿ ಬಚ್ಚಿಟ್ಟೆ. ಇವತ್ತು ಏಳು ಗಂಟೆಗೆ ಭಾವ ಬಂದು, 'ಒಂಬತ್ತು ಸಾವಿರದ ನಾನೂರ ಹನ್ನೆರಡು ತಪ್ಪು ಚೌಕದಲ್ಲಿ ಬಿದ್ದಿದೆ, ಒಡೆಟ್‌ಗೆ ಫೋನ್ ಮಾಡಿ ನಿನ್ನ ಹೆಸರಿಗೆ ಹಾಕಿಸ್ಕೋ, ಹಳೇ ಕಾಗದ ಇಸ್ಕೋ' ಅಂದ್ರು. ಫೋನ್ ಮಾಡಿ ಇಟ್ಮೇಲೆ ಡಬ್ಬಿ ತೆಗೆದು ಎಣಿಸಿದೆ."

"ಎಷ್ಟಿತ್ತು?"

"ಒಂಬತ್ತು ಸಾವಿರದ ನಾನೂರ ಹನ್ನೆರಡು. ಒಂದು ಡಾಲರ್ ಹೆಚ್ಚಿಲ್ಲ, ಒಂದು ಡಾಲರ್ ಕಮ್ಮಿ ಇಲ್ಲ."

ದಿಯೊಲಿಂಡ ಆಗ ಕುರ್ಚಿ ಎಳೆದು ಕೂತಳು.

"ಗೊತ್ತಿಲ್ಲದ ದೇಶಕ್ಕೆ ಓಡಿಹೋಗೋ ಗಂಡಸು," ಎಂದಳು ನತೇರ್ಸಿಯ, "ಜೇಬಲ್ಲಿ ಒಂದು ಡಾಲರೂ ಇಟ್ಕೊಳ್ದೆ ಹೋಗ್ತಾನಾ ಅಕ್ಕಾ? ಪಾಲು ಕೈಗೆ ಬರದೆ ಊರು ಬಿಡಲ್ಲ ಅಂದ ಮನುಷ್ಯ?"

ಮುಂಜಾನೆ ತಮ್ಮ ಸತ್ತಿದ್ದ. ಒಂಬತ್ತೂವರೆಗೆ ಬದುಕಿದ್ದ. ಹತ್ತೂವರೆಗೆ ಮತ್ತೆ ಸತ್ತ. ಈ ಸಲ ಕಾಲು ಜಾರಿ ಸತ್ತಿರಲಿಲ್ಲ.

"ಬದುಕಿರೋನು ಯಾವತ್ತಾದ್ರೂ ವಾಪಸ್ ಬಂದಾನು, ಕುಡಿದು ಬಾಯಿ ಬಿಟ್ಟಾನು ಅಂತ ಭಾವ ಯೋಚಿಸಿರ್ಬೇಕು," ನತೇರ್ಸಿಯ ನೆಲ ನೋಡುತ್ತಿದ್ದಳು. "ಹೊಸ ಫಾರ್ಮ್ ಸರ್ಕಾರಕ್ಕೆ ಹೋದ್ರೆ ನನ್ನ ಗಂಡ ಸಮುದ್ರದಲ್ಲಿ ಸತ್ತ ಹಾಗೆ. ನನ್ನ ಮಕ್ಕಳಿಗೆ ಅನ್ನ ಸಿಗುತ್ತೆ, ಯಾರೂ ಹುಡುಕಲ್ಲ. ಹಳೇದು ಉಳಿದ್ರೆ ದಡಕ್ಕೆ ಬಂದಿದ್ರು ಅಂತಾಗುತ್ತೆ. ನಮಗೆ ಒಂದು ಬಿಡಿಗಾಸೂ ಇಲ್ಲ, ಆದ್ರೆ ಹುಡುಕ್ತಾರೆ. ಬೆಳಿಗ್ಗೆಯಿಂದ ಇಲ್ಲಿ ಕೂತು ಯೋಚಿಸ್ತಾ ಇದೀನಿ. ನನ್ ಕೈಲಿ ಆಗ್ತಿಲ್ಲ. ನೀವೇ ಹೇಳಿ, ಆ ಕಾಗದ ಹರಿಯೋದಾ, ಬೇಡ್ವಾ?"

ದಿಯೊಲಿಂಡ ಹಳೆಯ ಫಾರ್ಮನ್ನು ತೆಗೆದು ಮೇಜಿನ ಮೇಲಿಟ್ಟಳು. ಎರ್ಮಿನಿಯೊ ಎಂಬ ಹೆಸರನ್ನು ನೋಡಿದಳು. ಮೂವತ್ತು ವರ್ಷದ ಸಂಸಾರವನ್ನು ಒಂದು ತಕ್ಕಡಿಯಲ್ಲಿಟ್ಟು ತೂಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಫಾರ್ಮನ್ನು ಮಡಿಸಿ ನತೇರ್ಸಿಯಳ ಕೋಟಿನ ಒಳಜೇಬಿಗೆ ತುರುಕಿದಳು.

"ಹರೀಬೇಡ. ಇದನ್ನ ತಗೊಂಡು ಈಗ್ಲೇ ಹೋಗು. ಮನೆಗೆ ಹೋಗ್ಬೇಡ, ಮಕ್ಕಳನ್ನ ಶಾಲೆಯಿಂದ ಹಾಗೇ ಕರ್ಕೊಂಡು..."

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ನಿಧಾನ, ಭಾರ, ಎಡಗಾಲು ಸ್ವಲ್ಪ ಎಳೆದ ಹಾಗೆ. ಆ ನಡಿಗೆಯನ್ನು ದಿಯೊಲಿಂಡ ನಿದ್ದೆಯಲ್ಲೂ ಗುರುತಿಸಬಲ್ಲಳು. ಹಗಲು ಹೊತ್ತಿನಲ್ಲಿ ಅವನು ಈ ಮಾಳಿಗೆಗೆ ಒಮ್ಮೆಯೂ ಬಂದವನಲ್ಲ.

ಅಡೆಲಿನೊ ಬಾಗಿಲು ತಳ್ಳಿ ಒಳಬಂದ. ಟೋಪಿ ತೆಗೆದು ಇಬ್ಬರನ್ನೂ ನೋಡಿ ನಕ್ಕ.

"ಕೆಳಗೆ ರೊಟ್ಟಿ ಘಮ್ ಅಂತಿದೆ," ಎಂದ. "ಕೆಲಸ ಮುಗೀತಾ ದಿಯೊಲಿಂಡ? ಆ ಹಳೇ ಕಾಗದ ಎಲ್ಲಿ?"

"ಒಡೆಟ್‌ಗೆ ವಾಪಸ್ ಕೊಟ್ಟು ಬಂದೆ." ತನ್ನ ದನಿ ಅಷ್ಟು ಸಲೀಸಾಗಿ ಹೊರಟದ್ದು ಅವಳಿಗೇ ಸೋಜಿಗವೆನಿಸಿತು.

ಅಡೆಲಿನೊ ತಲೆಯಾಡಿಸಿದ. ನಗು ಹಾಗೆಯೇ ಇತ್ತು.

"ಒಡೆಟ್ ಈಗಷ್ಟೇ ಫೋನ್ ಮಾಡಿದ್ಲು," ಎಂದು ಹೇಳಿ, ಕೈ ಹಿಂದೆ ಚಾಚಿ ಬಾಗಿಲಿನ ಚಿಲಕ ಹಾಕಿದ.